ಪಟಗೋನಿಯಾದ ವೆಲ್ಷ್ ಉಳಿದದ್ದು ಟೀ ಹೌಸ್‌ನಿಂದಲ್ಲ

ಅರ್ಜೆಂಟೀನಾದ ಪಟಗೋನಿಯಾದಲ್ಲಿ ಬ್ರಿಟನ್ನಿನ ವೇಲ್ಸ್ ಮೂಲದ ಜನ ಇದ್ದಾರೆ ಅನ್ನೋ ಪೋಸ್ಟ್ ಆಗಾಗ ಕಣ್ಣಿಗೆ ಬೀಳುತ್ತದೆ. ಜೊತೆಗೆ ಬರುವ ಫೋಟೋಗಳೂ ಹೆಚ್ಚುಕಮ್ಮಿ ಒಂದೇ ಥರ. ಗೈಮನ್ ಊರಿನ ಟೀ ಹೌಸ್, ಗೋಡೆ ಮೇಲೆ ಕೆಂಪು ಡ್ರ್ಯಾಗನ್, ಮೇಜಿನ ಮೇಲೆ ಕಪ್ಪು ಕೇಕ್. ಅಷ್ಟು ದೂರ ಹೋದರೂ ತಾಯ್ನುಡಿ ವೆಲ್ಷ್ ಬಿಡಲಿಲ್ಲ ನೋಡಿ ಅಂತ ಕೆಳಗೆ ಒಂದು ಸಾಲು. ಓದಿದವರು ಖುಷಿಪಟ್ಟು ಮುಂದೆ ಹಂಚುತ್ತಾರೆ.

ನನಗೂ ಆ ಜನರ ಬಗ್ಗೆ ತುಂಬಾ ಪ್ರೀತಿ ಇದೆ. ಅದಕ್ಕೇ ಇಷ್ಟುದ್ದ ಬರೆಯುತ್ತಿದ್ದೇನೆ. ಬರೀ ಅಭಿಮಾನದಿಂದ ಭಾಷೆ ಉಳಿಯಿತು ಅಂದುಬಿಟ್ಟರೆ ಅವರು ಪಟ್ಟ ಪಾಡಿಗೆ, ಮಾಡಿದ ಕೆಲಸಕ್ಕೆ ಬೆಲೆಯೇ ಇಲ್ಲದಂತಾಗುತ್ತದೆ. ಅಲ್ಲಿ ನೀರು ಹಂಚುವುದಕ್ಕೆ ವೆಲ್ಷ್ ಬೇಕಿತ್ತು. ಗೋಧಿ ಮಾರುವುದಕ್ಕೆ, ಲೆಕ್ಕ ಬರೆಯುವುದಕ್ಕೆ, ಜಗಳ ತೀರಿಸುವುದಕ್ಕೆ ಬೇಕಿತ್ತು. ಆ ಕೆಲಸಗಳು ಒಂದೊಂದಾಗಿ ಕೈತಪ್ಪಿದ ಹಾಗೆ ಭಾಷೆಯೂ ಸೊರಗುತ್ತಾ ಬಂತು. ನನ್ನ ಪಾಲಿಗೆ ಈ ಕಥೆಯ ತಿರುಳು ಇದೇ.

ಮೊದಲಿನಿಂದ ಹೇಳುತ್ತೇನೆ. 1847ರಲ್ಲಿ ಬ್ರಿಟಿಷ್ ಸರ್ಕಾರದ ಮೂವರು ಅಧಿಕಾರಿಗಳು ವೇಲ್ಸಿನ ಶಾಲೆಗಳ ಬಗ್ಗೆ ಒಂದು ವರದಿ ಕೊಟ್ಟರು. ಜನ ಹಿಂದುಳಿಯಲು ಅವರ ಭಾಷೆಯೇ ಕಾರಣ ಅನ್ನೋ ಧಾಟಿ ಅದರಲ್ಲಿತ್ತು. ಜನರ ನಡತೆಯನ್ನೂ ಹೀನಾಯವಾಗಿ ಬರೆದಿದ್ದರು. ಎಷ್ಟೋ ಶಾಲೆಗಳಲ್ಲಿ ವೆಲ್ಷ್ ಮಾತಾಡಿದ ಮಗುವಿನ ಕೊರಳಿಗೆ ಮರದ ತುಂಡು ನೇತುಹಾಕುತ್ತಿದ್ದರು. ಹಳ್ಳಿಗಳಲ್ಲಿ ಜಮೀನ್ದಾರರ ಕಾಟ ಬೇರೆ. ಜಮೀನ್ದಾರ ಹೇಳಿದವರಿಗೆ ಓಟು ಹಾಕದ ಗೇಣಿದಾರ ಹೊಲ ಬಿಟ್ಟು ಹೋಗಬೇಕಾಗುತ್ತಿತ್ತು.

ವೇಲ್ಸಿನ ಬಾಲಾ ಊರಿನ ಪಾದ್ರಿ ಮೈಕೆಲ್ ಡಿ. ಜೋನ್ಸ್ ಇದಕ್ಕೆ ದಾರಿ ಹುಡುಕಿದರು. ಅವರು ಅಮೆರಿಕದ ಒಹಾಯೊದಲ್ಲಿ ಸ್ವಲ್ಪ ಕಾಲ ಇದ್ದವರು. ಅಲ್ಲಿಗೆ ವಲಸೆ ಹೋದ ವೆಲ್ಷ್ ಜನ ಬಹಳ ಬೇಗ ಇಂಗ್ಲಿಷಿನಲ್ಲಿ ಕರಗಿಹೋಗುವುದನ್ನು ಕಣ್ಣಾರೆ ಕಂಡಿದ್ದರು. ಹಾಗಾಗಿ ಸುಮ್ನೆ ಎಲ್ಲೋ ದೂರ ಹೋಗಿ ನೆಲೆಸೋಣ ಅಂತ ಅವರು ಹೇಳಲಿಲ್ಲ. ಆಡಳಿತ, ವ್ಯಾಪಾರ, ಶಾಲೆ, ಪ್ರಾರ್ಥನೆ ಎಲ್ಲವೂ ವೆಲ್ಷ್‌ನಲ್ಲೇ ನಡೆಯುವ ಒಂದು ನೆಲ ಬೇಕು ಅಂದರು. ಮನೆಯಲ್ಲಿ ಮಾತಾಡಿಕೊಂಡರೆ ಸಾಲದು ಅನ್ನೋದು ಅವರಿಗೆ ಆಗಲೇ ಗೊತ್ತಿತ್ತು. ನನಗೆ ಅವರ ಮೇಲೆ ಗೌರವ ಹುಟ್ಟಿದ್ದೇ ಈ ಕಾರಣಕ್ಕೆ.

ಅಂಥ ನೆಲ ಹುಡುಕಿಕೊಂಡು 1865ರ ಮೇ 28ರಂದು ಮಿಮೋಸಾ ಅನ್ನೋ ಹಡಗು ಲಿವರ್‌ಪೂಲ್‌ನಿಂದ ಪಟಗೋನಿಯಾಕ್ಕೆ ಹೊರಟಿತು. ಒಳಗೆ ಸುಮಾರು 150 ಜನ. ಗಣಿ ಕಾರ್ಮಿಕರು, ದರ್ಜಿಗಳು, ಬಡಗಿಗಳು, ಚಿಕ್ಕ ಮಕ್ಕಳು. ಬೇಸಾಯ ಗೊತ್ತಿದ್ದವರು ಕಡಿಮೆ. ಜುಲೈ 28ಕ್ಕೆ ಈಗಿನ ಪುಯೆರ್ತೊ ಮ್ಯಾಡ್ರಿನ್ ತೀರಕ್ಕೆ ಬಂದಿಳಿದರು. ಅಲ್ಲಿ ಜುಲೈ ಅಂದರೆ ಕೊರೆಯುವ ಚಳಿಗಾಲ. ಹಸಿರು ಕಣಿವೆ ಅಂತ ಕೇಳಿಕೊಂಡು ಬಂದಿದ್ದರು. ಕಂಡದ್ದು ಗಾಳಿ, ಮುಳ್ಳುಪೊದೆ, ಒಣ ನೆಲ. ಕುಡಿಯುವ ನೀರಿಗೂ ಕಷ್ಟ. ಚುಬುತ್ ನದಿಯ ಕಣಿವೆ ಸೇರಬೇಕಾದರೆ ಆ ಬರಡು ನೆಲದಲ್ಲಿ ಅರವತ್ತು ಕಿಲೋಮೀಟರಿಗೂ ಜಾಸ್ತಿ ನಡೆಯಬೇಕಿತ್ತು.

ಮೊದಲ ಬೆಳೆಗಳು ಕೈಕೊಟ್ಟವು. ಅರ್ಜೆಂಟೀನಾ ಸರ್ಕಾರ ಆಹಾರ ಕಳಿಸದೆ ಇದ್ದಿದ್ದರೆ ಉಳಿಯುವುದು ಕಷ್ಟವಿತ್ತು. ಅದಕ್ಕಿಂತ ದೊಡ್ಡ ಆಸರೆ ಆ ನೆಲದ ತೆಹುಯೆಲ್ಚೆ ಜನರದ್ದು. 1866ರಲ್ಲಿ ಇಬ್ಬರಿಗೂ ಮೊದಲ ಭೇಟಿ ಆಯಿತು. ಬೇಟೆಯಾಡುವುದು ಹೇಗೆ, ಆ ಬಯಲಿನಲ್ಲಿ ಬದುಕುವುದು ಹೇಗೆ ಅಂತ ಕಲಿಸಿಕೊಟ್ಟವರು ಅವರೇ. ಮಾಂಸ, ಚರ್ಮ, ಗರಿ ತಂದು ಬ್ರೆಡ್, ಬಟ್ಟೆ ತೆಗೆದುಕೊಂಡು ಹೋಗುತ್ತಿದ್ದರು.

ಊರು ನಿಂತದ್ದು ಮಾತ್ರ ಕಾಲುವೆಯಿಂದ. ಮಳೆ ನಂಬಿ ಬೆಳೆಯುವ ಜಾಗ ಅದಲ್ಲ. ನದಿ ನೀರನ್ನು ಹೊಲಕ್ಕೆ ತಿರುಗಿಸಿ ನೋಡೋಣ ಅಂತ 1867ರಲ್ಲಿ ಹೇಳಿದ್ದು ರೇಚಲ್ ಜೆಂಕಿನ್ಸ್ ಅನ್ನೋ ಹೆಣ್ಣುಮಗಳು ಅಂತ ಅಲ್ಲಿಯವರು ಇವತ್ತಿಗೂ ಹೇಳುತ್ತಾರೆ. ಗಂಡ ಆರನ್ ದಡ ಕಡಿದು ನೀರು ಬಿಟ್ಟ. ಗೋಧಿ ಬಂತು. ಆಮೇಲೆ ಕಣಿವೆಯ ಉದ್ದಕ್ಕೂ ಕಾಲುವೆಗಳ ಜಾಲವೇ ಹರಡಿತು. ಕೈಯಲ್ಲಿ ಸಲಿಕೆ ಹಿಡಿದು ತೋಡಿದ ಕಾಲುವೆಗಳು. ಚುಬುತ್ ಗೋಧಿಗೆ 1889ರಲ್ಲಿ ಪ್ಯಾರಿಸ್ಸಿನಲ್ಲಿ, 1893ರಲ್ಲಿ ಶಿಕಾಗೋದಲ್ಲಿ ಬಹುಮಾನ ಬಂತು.

ಇಲ್ಲಿ ಸ್ವಲ್ಪ ನಿಂತು ಯೋಚನೆ ಮಾಡಿ. ಕಾಲುವೆ ಅಂದರೆ ಬರೀ ನೀರಲ್ಲ ಅಲ್ವಾ? ಯಾರ ಹೊಲಕ್ಕೆ ಯಾವತ್ತು ಬಿಡಬೇಕು, ಹೂಳು ತೆಗೆಯಲು ಯಾರು ಬರಬೇಕು, ಪಾಲು ಕೊಡದವನನ್ನು ಏನು ಮಾಡಬೇಕು ಅಂತ ದಿನಾ ಮಾತಾಡಬೇಕು. ಆ ಮಾತೆಲ್ಲ ವೆಲ್ಷ್‌ನಲ್ಲಿ ನಡೆಯಿತು. ಊರಿನ ಆಡಳಿತ ಮಂಡಳಿಗೆ ಗುಪ್ತ ಮತದಾನ ಇತ್ತು. ತಮ್ಮದೇ ಕಾಗದದ ನೋಟು ಕೂಡ ಅಚ್ಚು ಹಾಕಿಸಿದ್ದರು. ಶಾಲೆಗೆ ಪುಸ್ತಕ ಇಲ್ಲದಾಗ ಅಲ್ಲಿನ ಶಿಕ್ಷಕ ಆರ್. ಜೆ. ಬರ್ವಿನ್ ತಾವೇ ವೆಲ್ಷ್ ಪಠ್ಯ ಬರೆದರು. 1885ರಲ್ಲಿ ರೈತರೇ ಸೇರಿ ವ್ಯಾಪಾರದ ಸಹಕಾರ ಸಂಘ ಕಟ್ಟಿದರು. ಮಧ್ಯವರ್ತಿಗಳ ಕೈಗೆ ಸಿಗದೆ ಗೋಧಿ ಮಾರುವುದು, ಊರಿಗೆ ಬೇಕಾದ ಸಾಮಾನು ತರಿಸುವುದು ಅದರ ಕೆಲಸ. 1891ರಲ್ಲಿ ವಲಸೆಗಾರರ ಮುಂದಾಳು ಲೂಯಿಸ್ ಜೋನ್ಸ್ ‘ಅ ದ್ರಾವೋದ್’ ಪತ್ರಿಕೆ ಶುರುಮಾಡಿದರು. ಅದು ಇವತ್ತಿಗೂ ಬರುತ್ತಿದೆ. ಟ್ರೆಲ್ಯು ಊರಿಗೆ ಹೆಸರು ಬಂದದ್ದೂ ಇದೇ ಲೂಯಿಸ್‌ರಿಂದ.

ಆ ಕಾಲದ ಪಟಗೋನಿಯಾದಲ್ಲಿ ವೆಲ್ಷ್ ಸಂತೆಯ ಭಾಷೆ ಆಗಿತ್ತು. ವ್ಯಾಪಾರಕ್ಕೆ ಬಂದ ತೆಹುಯೆಲ್ಚೆ ಜನರಿಗೂ ಅದರ ನಾಲ್ಕು ಮಾತು ಬರುತ್ತಿತ್ತು. ಈ ಸಂಗತಿಯನ್ನು ಹೆಮ್ಮೆಯಿಂದ ಹೇಳಿ ಮುಗಿಸುವವರು ಮುಂದಿನದನ್ನು ಹೇಳುವುದಿಲ್ಲ. ಅದನ್ನು ಹೇಳದೆ ನನಗೆ ಈ ಬರಹ ಮುಗಿಸಲು ಆಗುವುದಿಲ್ಲ.

1870ರ ದಶಕದ ಕೊನೆಯಲ್ಲಿ ಅರ್ಜೆಂಟೀನಾದ ಜನರಲ್ ರೋಕಾನ ಸೇನೆ ದಕ್ಷಿಣಕ್ಕೆ ನುಗ್ಗಿತು. ಮೂಲನಿವಾಸಿಗಳನ್ನು ಕೊಂದರು, ಹಿಡಿದರು, ನೆಲದಿಂದ ಓಡಿಸಿದರು. ಮಿಮೋಸಾ ಹಡಗಿನಲ್ಲಿ ಪುಟ್ಟ ಮಗುವಾಗಿ ಬಂದಿದ್ದ ಜಾನ್ ಡೇನಿಯಲ್ ಇವಾನ್ಸ್ ತನ್ನ ನೆನಪುಗಳಲ್ಲಿ ಒಂದು ಘಟನೆ ಬರೆದಿದ್ದಾನೆ. ವಾಲ್ಚೆಟಾ ಅನ್ನೋ ಜಾಗದಲ್ಲಿ ತಂತಿಬೇಲಿಯೊಳಗೆ ಕೂಡಿಹಾಕಿದ್ದ ಜನರನ್ನು ಅವನು ಕಂಡ. ಬೇಲಿಯ ಒಳಗಿನಿಂದ ಒಬ್ಬ ವೆಲ್ಷ್‌ನಲ್ಲಿ ಬ್ರೆಡ್ ಕೇಳಿದ. ನೋಡಿದರೆ ಚಿಕ್ಕಂದಿನಲ್ಲಿ ಜೊತೆಗೆ ಆಡಿ ಬೆಳೆದ ತೆಹುಯೆಲ್ಚೆ ಗೆಳೆಯ. ಇವಾನ್ಸ್ ಆಮೇಲೆ ದುಡ್ಡು ಹೊಂದಿಸಿಕೊಂಡು ಬಿಡಿಸಲು ಹೋದ. ಅಷ್ಟರಲ್ಲಿ ಗೆಳೆಯ ಸತ್ತುಹೋಗಿದ್ದ.

ಕೆಲವು ವೆಲ್ಷ್ ಮುಂದಾಳುಗಳು ಆ ಜನರ ಪರವಾಗಿ ಸೇನಾಧಿಕಾರಿಗೆ ಪತ್ರ ಬರೆದದ್ದು ನಿಜ. 1884ರಲ್ಲಿ ಇದೇ ಇವಾನ್ಸ್‌ನ ಮೂವರು ಜೊತೆಗಾರರು ಮೂಲನಿವಾಸಿಗಳ ಕೈಯಲ್ಲಿ ಸತ್ತರು, ಅವನೊಬ್ಬ ಕುದುರೆಯ ದೆಸೆಯಿಂದ ಬದುಕಿದ. ಅದೂ ನಿಜ. 1885ರಲ್ಲಿ ಚುಬುತ್‌ನ ರಾಜ್ಯಪಾಲ ಫೊಂತಾನನ ಜೊತೆ ಬಂದೂಕು ಹಿಡಿದು ಆಂಡಿಸ್ ತಪ್ಪಲಿಗೆ ಹೋಗಿ, ಹೊಸ ಕಣಿವೆಯಲ್ಲಿ ಜಮೀನು ಪಡೆದವರಲ್ಲಿ ವೆಲ್ಷ್ ಜನ ಇದ್ದದ್ದೂ ಅಷ್ಟೇ ನಿಜ. ಸೇನೆ ಖಾಲಿ ಮಾಡಿಸಿದ ನೆಲ ಅದು. ತಮ್ಮ ಭಾಷೆಗೆ ಒಂದು ನೆಲ ಹುಡುಕಿ ಬಂದವರಿಗೆ ಇನ್ನೊಬ್ಬರ ನೆಲ ಸಿಕ್ಕಿತು. ಇಬ್ಬರ ನಡುವೆ ಒಳ್ಳೆಯ ಸ್ನೇಹ ಇತ್ತು ಅನ್ನೋ ಮಾತು ಈ ಸತ್ಯವನ್ನು ಅಳಿಸುವುದಿಲ್ಲ. ತೆಹುಯೆಲ್ಚೆ ಮಕ್ಕಳಿಗೆ ತಮ್ಮ ಭಾಷೆಯಲ್ಲಿ ಶಾಲೆಯಾಗಲೀ ಪತ್ರಿಕೆಯಾಗಲೀ ಯಾವತ್ತೂ ಸಿಗಲಿಲ್ಲ. ಅವರ ಭಾಷೆಯನ್ನು ಮನೆಮಾತಾಗಿ ಆಡುವವರು ಈಗ ಉಳಿದಿಲ್ಲ.

ವೆಲ್ಷ್ ಜನರ ಕೈಯಿಂದಲೂ ಒಂದೊಂದಾಗಿ ಜಾರತೊಡಗಿತು. 1884ರಲ್ಲಿ ಚುಬುತ್ ಪ್ರದೇಶ ಕೇಂದ್ರ ಸರ್ಕಾರದ ಆಡಳಿತಕ್ಕೆ ಬಂತು. 1890ರ ದಶಕದ ಕೊನೆಯ ಹೊತ್ತಿಗೆ ಶಾಲೆಗಳು ಸ್ಪ್ಯಾನಿಷ್‌ಗೆ ತಿರುಗಿದವು. 1899ರ ಪ್ರವಾಹ ಮನೆಮಠ ಕೊಚ್ಚಿಕೊಂಡು ಹೋಯಿತು. 1902ರಲ್ಲಿ ಕೆಲವು ಕುಟುಂಬಗಳು ಕೆನಡಾಕ್ಕೆ ಹೊರಟವು. 1911ರ ನಂತರ ವೇಲ್ಸ್‌ನಿಂದ ದೊಡ್ಡ ಗುಂಪು ಬರುವುದೂ ನಿಂತಿತು. ಸಹಕಾರ ಸಂಘ 1930ರ ದಶಕದಲ್ಲಿ ಮುಳುಗಿತು. ಕಾಲುವೆಗಳು ಸರ್ಕಾರದ ಕೈಗೆ ಹೋದವು. ನನ್ನ ಲೆಕ್ಕದಲ್ಲಿ ಶಾಲೆ ಹೋದದ್ದಕ್ಕಿಂತ ದೊಡ್ಡ ಪೆಟ್ಟು ಈ ಕೊನೆಯ ಎರಡು. ಶಾಲೆ ಸ್ಪ್ಯಾನಿಷ್ ಆದ ಮೇಲೂ ರೈತನಿಗೆ ಸಂಘದಲ್ಲಿ, ಕಾಲುವೆಯ ಸಭೆಯಲ್ಲಿ ವೆಲ್ಷ್ ಬೇಕಿತ್ತು. ಆಮೇಲೆ ಉಳಿದದ್ದು ಚಾಪೆಲ್ ಅನ್ನೋ ಪ್ರಾರ್ಥನಾ ಮಂದಿರ ಮತ್ತು ಅಡುಗೆಮನೆ. ಎಷ್ಟೋ ಮನೆಗಳಲ್ಲಿ ಅಜ್ಜ-ಅಜ್ಜಿ ಕೇಳಿದ್ದಕ್ಕೆ ಮೊಮ್ಮಕ್ಕಳು ಸ್ಪ್ಯಾನಿಷ್‌ನಲ್ಲಿ ಉತ್ತರ ಕೊಡುವ ಹಾಗಾಯಿತು.

ಅವರು ಅರ್ಜೆಂಟೀನಾ ಬೇಡ ಅಂದವರಲ್ಲ, ಇದನ್ನೂ ಹೇಳಬೇಕು. 1902ರಲ್ಲಿ ಚಿಲಿ ಮತ್ತು ಅರ್ಜೆಂಟೀನಾ ನಡುವೆ ಗಡಿ ತಕರಾರು ಬಂದಾಗ ಆಂಡಿಸ್ ತಪ್ಪಲಿನ ಟ್ರೆವೆಲಿನ್ ಹತ್ತಿರದ ಒಂದು ಶಾಲೆಯಲ್ಲಿ ವೆಲ್ಷ್ ನಿವಾಸಿಗಳನ್ನು ಕೇಳಿದರು. ಅವರು ಅರ್ಜೆಂಟೀನಾದ ಜೊತೆ ಇರುತ್ತೇವೆ ಅಂದರು. ಅದೇ ದೇಶ ಅವರ ಮಕ್ಕಳ ಶಾಲೆಯಿಂದ ವೆಲ್ಷ್ ತೆಗೆದಿತ್ತು. ಒಂದು ದೇಶವನ್ನು ಮನಸಾರೆ ಒಪ್ಪಿಕೊಂಡೂ ತನ್ನ ಭಾಷೆ ಬೇಕು ಅನ್ನಬಹುದು. ಇದನ್ನು ದ್ರೋಹ ಅನ್ನುವವರನ್ನು ಕಂಡರೆ ನನಗೆ ಸಿಟ್ಟು ಬರುತ್ತದೆ.

1965ರಲ್ಲಿ ನೂರು ವರ್ಷ ತುಂಬಿದಾಗ ವೇಲ್ಸ್‌ನಿಂದ ಒಂದು ತಂಡ ಬಂತು. ಕಡಿದುಹೋಗಿದ್ದ ನಂಟು ಮತ್ತೆ ಕೂಡಿತು. ಐಸ್ತೆದ್ವೊದ್ ಅನ್ನೋ ಹಾಡು-ಕವಿತೆಯ ಹಬ್ಬಕ್ಕೆ ಹೊಸ ಜೀವ ಬಂತು. ಅದರಲ್ಲಿ ಗೆದ್ದ ವೆಲ್ಷ್ ಕವಿಗೆ ಕುರ್ಚಿ, ಸ್ಪ್ಯಾನಿಷ್ ಕವಿಗೆ ಕಿರೀಟ. ಎರಡೂ ಒಂದೇ ವೇದಿಕೆಯಲ್ಲಿ. ನನಗಂತೂ ಈ ಏರ್ಪಾಡು ಬಹಳ ಇಷ್ಟ. 1997ರಿಂದ ವೇಲ್ಸ್‌ನಿಂದ ಶಿಕ್ಷಕರು ಬಂದು ಕಲಿಸುವ ಯೋಜನೆ ನಡೆಯುತ್ತಿದೆ, ಅದಕ್ಕೆ ವೇಲ್ಸ್ ಸರ್ಕಾರದ ನೆರವಿದೆ. ಟ್ರೆಲ್ಯು, ಗೈಮನ್, ಟ್ರೆವೆಲಿನ್ ಮೂರೂ ಊರಿನಲ್ಲಿ ವೆಲ್ಷ್ ಮತ್ತು ಸ್ಪ್ಯಾನಿಷ್ ಎರಡರಲ್ಲೂ ಕಲಿಸುವ ಶಾಲೆಗಳಿವೆ. ವೇಲ್ಸ್ ಮೂಲದವರು ಸುಮಾರು 50,000 ಅನ್ನುತ್ತಾರೆ. ಭಾಷೆ ಬಲ್ಲವರು ಕೆಲವೇ ಸಾವಿರ.

ಆ ಶಾಲೆಗಳಿಗೆ ವೇಲ್ಸಿನ ನಂಟೇ ಇಲ್ಲದ ಮನೆಗಳ ಮಕ್ಕಳೂ ಬರುತ್ತಾರೆ. ನನಗೆ ಅದಕ್ಕಿಂತ ಖುಷಿಯ ಸುದ್ದಿ ಇಲ್ಲ. ಮೂಲ ಯಾವುದಾದರೇನು, ಕಲಿತವರ ಭಾಷೆ ಅದು. ಯಾರ ಅಜ್ಜ ಯಾವ ಹಡಗಿನಲ್ಲಿ ಬಂದ ಅಂತ ಕೇಳಿ ಭಾಷೆಯ ಬಾಗಿಲು ತೆಗೆಯಬಾರದು.

ಆದರೆ ಆ ಮಗು ಶಾಲೆ ಮುಗಿಸಿ ಹೊರಗೆ ಬಂದ ಮೇಲೆ ವೆಲ್ಷ್‌ನಲ್ಲಿ ಏನು ಕೆಲಸ ಮಾಡಬೇಕು? ಈಗ ಇರುವುದು ಪಾಠ ಹೇಳುವುದು, ಗಾಯನ ತಂಡ, ಪ್ರವಾಸಿಗಳನ್ನು ಸುತ್ತಾಡಿಸುವುದು. ಟೀ ಹೌಸ್ ಬಗ್ಗೆ ನನಗೆ ಬೇಜಾರಿಲ್ಲ, ಎಷ್ಟೋ ಮನೆಗಳ ಹೊಟ್ಟೆ ಅದರಿಂದ ತುಂಬುತ್ತಿದೆ. ಆದರೆ ಅಲ್ಲಿಗೆ ಬರುವ ಅತಿಥಿಗೆ ಕೇಕ್ ಸಾಕು. ವೆಲ್ಷ್ ಬೇಕಾಗಿಲ್ಲ. ಪಟ್ಟಣದ ಕಚೇರಿಯಲ್ಲಿ ಒಂದು ಅರ್ಜಿ, ಆಸ್ಪತ್ರೆಯಲ್ಲಿ ವಯಸ್ಸಾದವರಿಗೆ ಅರ್ಥವಾಗುವ ಒಬ್ಬ ನರ್ಸ್, ಊರಿನ ರೇಡಿಯೋದಲ್ಲಿ ದಿನದ ಸುದ್ದಿ, ಕಣಿವೆಯ ರೈತರ ಸಭೆಯಲ್ಲಿ ನಾಲ್ಕು ಮಾತು. ಶಿಕ್ಷಕರನ್ನು ಕಳಿಸಲು ಕೊಡುವ ದುಡ್ಡಿನ ಜೊತೆಗೆ ಇಂಥ ಕೆಲಸಗಳಿಗೂ ವೇಲ್ಸ್ ಮತ್ತು ಚುಬುತ್ ಸರ್ಕಾರಗಳು ಸೇರಿ ದುಡ್ಡು ಇಡಬೇಕು.