ಊರಲ್ಲೇ ಇದ್ದವರಿಗೆ ರೆಸಿಡೆನ್ಸಿ ಇಲ್ಲ

ನಮ್ಮ ಕಡೆ ರೆಸಿಡೆನ್ಸಿ ಅಂದರೆ ಎಲ್ಲರಿಗೂ ಗೊತ್ತಿರುವುದು ಒಂದೇ: ಕೆಳಗೆ ಬಾರು, ಮೇಲೆ ರೂಮು, ಹಿಂದೆ ಪಾರ್ಕಿಂಗು. ಹಾಗಾಗಿ ಮಿರ್ಜಾನ ಕೋಟೆಯ ಬುಡದಲ್ಲಿ ‘ಕಲಾವಿದರ ರೆಸಿಡೆನ್ಸಿ’ ಶುರುವಾಗುತ್ತದಂತೆ ಎಂಬ ಸುದ್ದಿ ಬಂದ ದಿನವೇ ಕೇರಿಯ ಹೆಂಗಸರು ತಕರಾರು ಅರ್ಜಿ ಬರೆಸಲು ನನ್ನ ಜಗಲಿಗೆ ಬಂದರು. ಕನ್ನಡ ಶಾಲೆಯಲ್ಲಿ ಮೂವತ್ತು ವರ್ಷ ಇಂಗ್ಲಿಷ್ ಕಲಿಸಿದ ತಪ್ಪಿಗೆ ಊರಿನ ಅರ್ಜಿಗಳೆಲ್ಲ ನನ್ನ ಪಾಲಿಗೇ ಬರುತ್ತವೆ. ಬಾರಲ್ಲ, ಕಲಾವಿದರು ಬಂದು ಮೂರು ವಾರ ಉಳಿಯುತ್ತಾರೆ ಅಷ್ಟೇ ಎಂದು ಸಮಾಧಾನ ಹೇಳಿದೆ. “ಉಳಿದು ಎಂಥ ಮಾಡ್ತಾರೆ ಮಾಸ್ತರ್ರೇ?” ಎಂದರು. ಅದು ಆಗ ನನಗೂ ಗೊತ್ತಿರಲಿಲ್ಲ. ಈಗಲೂ ಪೂರ್ತಿ ಗೊತ್ತಾಗಿದೆ ಎಂದು ಎದೆ ತಟ್ಟಿ ಹೇಳಲಾರೆ.

ಬಂದವರು ಐದು ಜನ. ಮೂವರು ಬೆಂಗಳೂರು, ಒಬ್ಬಾಕೆ ಪುಣೆ, ಒಬ್ಬ ಬರ್ಲಿನ್. ಅವರ ಜೊತೆ ನಾಲ್ಕು ಪುಟದ ಕಾಗದವೂ ಬಂತು. ಪಂಚಾಯ್ತಿಯವರು ಅದನ್ನು ಕನ್ನಡಕ್ಕೆ ಮಾಡಿಕೊಡಿ ಎಂದರು. ನಾಲ್ಕು ಪುಟದ ತುಂಬ ‘ಸ್ಥಳ’ವೇ. ಸ್ಥಳದೊಂದಿಗೆ ಸಂವಾದ, ಸ್ಥಳವನ್ನು ಆಲಿಸುವುದು, ಸ್ಥಳಕ್ಕೆ ಮೈಯೊಡ್ಡುವುದು. ನಮ್ಮ ಉತ್ತರ ಕನ್ನಡ ಜಿಲ್ಲೆಗೆ ಈ ಶಬ್ದ ಹೊಸದಲ್ಲ. ಸ್ಥಳ ಪರಿಶೀಲನೆ, ಸ್ಥಳ ಮಹಜರು, ಸ್ಥಳಾಂತರ ಎಲ್ಲ ಕಂಡದ್ದೇ. ಕಾಳಿ ನದಿಗೆ ಅಣೆಕಟ್ಟು ಕಟ್ಟಿದಾಗ ಸುಪಾ ಎಂಬ ಊರಿಗೆ ಊರೇ ನೀರೊಳಗೆ ಹೋಗಿ, ತಾಲೂಕು ಕಚೇರಿ ಜೋಯಿಡಾ ಸೇರಿತು. 1986ರಲ್ಲಿ ಸೀಬರ್ಡ್ ನೌಕಾನೆಲೆಗೆ ಅಡಿಗಲ್ಲು ಬಿತ್ತು. 2005ರಲ್ಲಿ ಅದು ಐಎನ್ಎಸ್ ಕದಂಬ ಆಯಿತು. ಕಾರವಾರ–ಅಂಕೋಲೆ ನಡುವಿನ ಕರಾವಳಿಯಿಂದ ಎದ್ದುಹೋದವರು ಪರಿಹಾರಕ್ಕಾಗಿ ದಶಕಗಟ್ಟಲೆ ಕೋರ್ಟಿನ ಮೆಟ್ಟಿಲು ಸವೆಸಿದರು. ಸ್ಥಳದೊಂದಿಗೆ ನಮ್ಮಷ್ಟು ಸಂವಾದ ಮಾಡಿದವರು ಬರ್ಲಿನ್‌ನಲ್ಲೂ ಇರಲಿಕ್ಕಿಲ್ಲ.

ರೆಸಿಡೆನ್ಸಿಗೆ ಸೇರುವ ಅರ್ಜಿ ನಮೂನೆಯಲ್ಲೂ ಒಂದು ಪ್ರಶ್ನೆ ಇತ್ತು: ‘ಸ್ಥಳಾಂತರವು ನಿಮ್ಮ ಕಲೆಯನ್ನು ಹೇಗೆ ರೂಪಿಸಿದೆ?’ ನಮ್ಮ ಕೇರಿಯಲ್ಲಿ ಮದ್ದಲೆ ಬಾರಿಸುವವರೊಬ್ಬರಿದ್ದಾರೆ. ಮೇಳದಲ್ಲಿ ಎಷ್ಟೋ ವರ್ಷ ತಿರುಗಾಟ ಮಾಡಿದವರು. ಸೀಬರ್ಡಿಗೆ ಹೆಂಡತಿಯ ತವರುಮನೆ ಹೋದದ್ದು. ಪ್ರಶ್ನೆಯನ್ನು ಓದಿ ಹೇಳಿದೆ. ಸ್ವಲ್ಪ ಹೊತ್ತು ಕವಳ ಜಗಿದರು. “ಅರ್ಜಿ ಬರೆಯೂದು ಕಲಿಸ್ತು ಅಂತ ಬರೀರಿ ಮಾಸ್ತರ್ರೇ” ಎಂದರು. ಹಾಗೇ ಬರೆದೆ.

ಅರ್ಜಿ ತೆಗೆದುಕೊಂಡು ನಾವಿಬ್ಬರೂ ಹೋದೆವು. ಕೋಆರ್ಡಿನೇಟರ್ ಹುಡುಗಿ ಒಳ್ಳೆಯವಳು, ಚಾ ಕೊಟ್ಟಳು. ಅರ್ಜಿ ನೋಡಿ ಪಾಪ ಕಷ್ಟಕ್ಕೆ ಬಿದ್ದಳು. “ಅಂಕಲ್, ಇದು ರೆಸಿಡೆನ್ಸಿ. ಹೊರಗಿಂದ ಬಂದು ಉಳಿಯೋರಿಗೆ. ನೀವು ಆಲ್ರೆಡಿ ಇಲ್ಲೇ ಇದ್ದೀರಲ್ವಾ?”

“ಹೌದವ್ವ, ಹುಟ್ಟಿದಾಗಿಂದ.”

“ಅದೇ ಪ್ರಾಬ್ಲಮ್ಮು.”

ಇಲ್ಲಿಯವನೇ ಎಂದು ಸಾಬೀತು ಮಾಡಲು ನಾಡಕಚೇರಿಯಲ್ಲಿ ವಾಸ್ತವ್ಯ ದೃಢೀಕರಣ ಪತ್ರಕ್ಕೆ ನಿಲ್ಲುವುದು ಗೊತ್ತಿತ್ತು. ಇಲ್ಲಿಯವನಲ್ಲ ಎಂಬ ಪತ್ರ ಎಲ್ಲಿ ಸಿಗುತ್ತದೆ? ಕೊನೆಗೆ ಅವಳೇ ದಾರಿ ಹುಡುಕಿದಳು. ಮದ್ದಲೆಯವರನ್ನು ‘ಸ್ಥಳೀಯ ಜ್ಞಾನಮೂಲ’ ಎಂದು ಬರೆದುಕೊಂಡಳು. ಬಾವಿ, ನಲ್ಲಿ, ಬೋರ್‌ವೆಲ್ಲು ಇದ್ದ ಹಾಗೆ. ಕಲಾವಿದರಿಗೆ ಭತ್ಯೆ, ಮೂಲಕ್ಕೆ ಒಂದು ಬಟ್ಟೆಚೀಲ. ಚೀಲದ ಮೇಲೆ ಕೋಟೆಯ ಚಿತ್ರವಿದೆ. ಅವರು ಈಗ ಅದರಲ್ಲಿ ಮೀನು ತರುತ್ತಾರೆ.

ಶಬ್ದದ ಕಲಾವಿದನೊಬ್ಬ ಕೋಟೆಯ ಮೌನವನ್ನು ರೆಕಾರ್ಡ್ ಮಾಡಲು ಹೊರಟ. ಒಂದು ಕಡೆ ಹೆದ್ದಾರಿ 66, ಮತ್ತೊಂದು ಕಡೆ ಕೊಂಕಣ ರೈಲು. ನಾಲ್ಕು ದಿನ ಮೈಕು ಹಿಡಿದು ಸಿಕ್ಕಿದ್ದು ಟ್ಯಾಂಕರ್ ಹಾರ್ನು. ಅವನಿಗೆ ಬೇಜಾರೇನೂ ಆಗಲಿಲ್ಲ. ಮೌನದ ಮೇಲಿನ ಆಕ್ರಮಣ ಎಂದು ಹೆಸರಿಟ್ಟ. ಇನ್ನೊಬ್ಬಾಕೆ ಗೇರುಸೊಪ್ಪೆಯ ಚೆನ್ನಭೈರಾದೇವಿಯ ಬೆನ್ನು ಹತ್ತಿದಳು. ಪೋರ್ಚುಗೀಸರು ಅವಳನ್ನು ಕಾಳುಮೆಣಸಿನ ರಾಣಿ ಎಂದು ಕರೆದರಲ್ಲ, ಅದಕ್ಕೆ ಐದು ಕಿಲೋ ಕಾಳುಮೆಣಸು ಸುರಿದು ಒಂದು ಕೃತಿ. ಮೆಣಸು ಆನ್‌ಲೈನಿನಲ್ಲಿ ಬಂತು, ರಟ್ಟಿನ ಪೆಟ್ಟಿಗೆಯಲ್ಲಿ. ಅವಳು ಉಳಿದಿದ್ದ ಮನೆಯ ಹಿತ್ತಿಲ ಅಡಕೆ ಮರಕ್ಕೆ ಅದೇ ಮೆಣಸಿನ ಬಳ್ಳಿ ಹಬ್ಬಿ, ಕಾಳಿನ ಗೊಂಚಲು ಕಟ್ಟಿ ನಿಂತಿತ್ತು. ಯಾರೂ ಹೇಳಲಿಲ್ಲ, ಅವಳೂ ತಲೆಯೆತ್ತಲಿಲ್ಲ.

ಪುಣೆಯವಳದು ಕಾವಿ ಕಲೆ. ಸುಣ್ಣದ ಗಾರೆಯ ಮೇಲೆ ಕೆಮ್ಮಣ್ಣಿನ ಬಣ್ಣ ಕೊಟ್ಟು, ಚೂಪು ಮೊನೆಯಿಂದ ಕೆರೆದು ಒಳಗಿನ ಬಿಳಿ ತೆಗೆಯುವ ಕೆಲಸ. ನಮ್ಮ ಕರಾವಳಿಯ ಹಳೇ ದೇವಸ್ಥಾನಗಳ ಗೋಡೆಯ ಮೇಲೆ ಇದ್ದದ್ದು. ಅದನ್ನವಳು ನಮ್ಮ ಶಾಲೆಯ ಮಕ್ಕಳಿಗೆ ಎರಡು ದಿನ ಕಲಿಸಿದಳು. ನಗಲು ಹೊರಟವನು ನಾನು ಇಲ್ಲಿ ಮಾತ್ರ ಬಾಯಿ ಮುಚ್ಚಬೇಕಾಯಿತು. ಏಕೆಂದರೆ ಆ ಮಕ್ಕಳ ಅಪ್ಪ-ಅಜ್ಜಂದಿರು (ನಾನೂ ಸೇರಿ, ಕಮಿಟಿಯಲ್ಲಿ ಇದ್ದೆ) ಜೀರ್ಣೋದ್ಧಾರದ ಹೆಸರಲ್ಲಿ ಆ ಗೋಡೆಗೆ ಬಚ್ಚಲಿಗೆ ಹಾಕುವ ಟೈಲ್ಸ್ ಹೊಡೆಸಿದ್ದೆವು. ತೊಳೆಯಲು ಸುಲಭ ಎಂದು.

ಕಲಾವಿದರು ಬಂದು ಉಳಿಯುವುದೇ ತಪ್ಪು ಎಂದು ಯಾರೂ ತಿಳಿಯಬಾರದು. ಜಿಲ್ಲೆಯ ಮೊದಲ ರೆಸಿಡೆಂಟ್ ಯಾರೆಂದು ಕೇಳಿದರೆ ನಾನು ರವೀಂದ್ರನಾಥ ಟಾಗೋರರ ಹೆಸರು ಹೇಳುತ್ತೇನೆ. 1883ರ ಸುಮಾರಿಗೆ, ಇಪ್ಪತ್ತೆರಡರ ಹರೆಯದಲ್ಲಿ ಕಾರವಾರಕ್ಕೆ ಬಂದರು. ಅಣ್ಣ ಸತ್ಯೇಂದ್ರನಾಥರು ಅಲ್ಲಿ ಜಿಲ್ಲಾ ನ್ಯಾಯಾಧೀಶರು. ಆಯ್ಕೆ ಸಮಿತಿ ಅಂದರೆ ಅಣ್ಣ. ಒಂದು ಬೆಳದಿಂಗಳ ರಾತ್ರಿ ದೋಣಿಯಲ್ಲಿ ಕಾಳಿ ನದಿಯ ಮೇಲೆ ಹೋಗಿ, ಗುಡ್ಡದ ಕೋಟೆ ನೋಡಿ, ಗುಡಿಸಿ ಚೊಕ್ಕಟ ಮಾಡಿದ್ದ ರೈತನೊಬ್ಬನ ಅಂಗಳದಲ್ಲಿ ಕೂತು ಊಟ ಮಾಡಿದ್ದನ್ನು ನೆನಪಿನಲ್ಲಿ ಬರೆದಿದ್ದಾರೆ. ಬುತ್ತಿ ತಾವೇ ಒಯ್ದಿದ್ದರು. ರೈತನನ್ನು ಜ್ಞಾನಮೂಲ ಮಾಡಲಿಲ್ಲ, ಅಂಗಳಕ್ಕೆ ಹೆಸರಿಡಲಿಲ್ಲ, ಇಳಿತದ ನೀರಿನ ಜೊತೆ ದೋಣಿ ಬಿಟ್ಟುಕೊಂಡು ವಾಪಸು ಬಂದರು. ಕಾರವಾರದಲ್ಲೇ ಒಂದು ನಾಟಕ ಬರೆದರು. ಈಗ ಕಡಲತೀರಕ್ಕೆ ಅವರ ಹೆಸರೇ ಇದೆ. ಅದರ ಮೇಲೆ ನಾವು ಒಂದು ಯುದ್ಧದ ಹಡಗನ್ನು ತಂದು ನಿಲ್ಲಿಸಿದ್ದೇವೆ.

ಇನ್ನು ಬರ್ಲಿನ್‌ನವನ ಕಥೆ. ಆ ಊರಿನವರಿಗೆ ಗೋಡೆಯೆಂದರೆ ಏನೋ ಸೆಳೆತ ಇರಬೇಕು. 1989ರಲ್ಲಿ ಕೆಡವಿದ್ದನ್ನು ಈ ಹುಡುಗ ನಮ್ಮಲ್ಲಿ ಬಂದು ಕಟ್ಟಿದ. ಕೋಟೆಯ ಕಲ್ಲು ಮುಟ್ಟುವ ಹಾಗಿಲ್ಲ. ಆದ್ದರಿಂದ ಪಕ್ಕದ ಮನೆಯ ತೆಂಗಿನ ತೋಟದಲ್ಲಿ, ಲೋಡುಗಟ್ಟಲೆ ಚಿರೇಕಲ್ಲು ಇಳಿಸಿ, ಸಿಮೆಂಟಿಲ್ಲದೆ ಪಾಯವಿಲ್ಲದೆ ಒಂದರ ಮೇಲೊಂದು ಪೇರಿಸಿ ಮೂರು ಗೋಡೆ ನಿಲ್ಲಿಸಿದ. ಆಳೆತ್ತರ. ನಾಲ್ಕನೆಯ ಗೋಡೆ ಇಲ್ಲ; ಅದನ್ನು ನೋಡುವವರು ಕಲ್ಪಿಸಿಕೊಳ್ಳಬೇಕು. ಹೆಸರು ‘ಅಪೂರ್ಣ’. ಪಕ್ಕದಲ್ಲಿ ಹೆಸರಿನ ಚೀಟಿ, ಪ್ಲಾಸ್ಟಿಕ್ ಕವರಿನೊಳಗೆ.

ತೋಟದ ಯಜಮಾನ ಇದನ್ನೆಲ್ಲ ಜಗಲಿಯ ಕಟ್ಟೆಯ ಮೇಲೆ ಕೂತು ಮಾತಿಲ್ಲದೆ ನೋಡಿದ. ಅವನ ಕಷ್ಟ ಊರಿಗೆ ಗೊತ್ತು. ಸಂರಕ್ಷಿತ ಸ್ಮಾರಕದ ಸುತ್ತ 100 ಮೀಟರು ಹೊಸದಾಗಿ ಏನೂ ಕಟ್ಟುವಂತಿಲ್ಲ, ಅದರಾಚೆ 200 ಮೀಟರು ಕಟ್ಟಬೇಕೆಂದರೂ ಪರವಾನಗಿ ಬೇಕು, ಪುರಾತನ ಸ್ಮಾರಕಗಳ ಕಾಯಿದೆಯ 2010ರ ತಿದ್ದುಪಡಿ. ಕೋಟೆ ಉಳಿಯಬೇಕೆಂದರೆ ಅಂಥ ಕಾನೂನು ಬೇಕೇ ಬೇಕು, ನನ್ನ ತಕರಾರಿಲ್ಲ. ಆದರೆ ಅವನ ಮನೆಯ ಹಳೇ ಬಚ್ಚಲು ಎರಡು ಮಳೆಗಾಲದ ಹಿಂದೆ ಕುಸಿದಿತ್ತು. ಬೇರೆ ಕಡೆ ಹೊಸದು ಕಟ್ಟಿಕೊಳ್ಳಲು ಅರ್ಜಿ ಬರೆದುಕೊಟ್ಟವನು ನಾನೇ. ಉತ್ತರ ಬಂದಿರಲಿಲ್ಲ.

ಮೂರು ವಾರ ಮುಗಿಯಿತು, ಫೋಟೋ ತೆಗೆದರು, ಸಾಂಸ್ಕೃತಿಕ ವಿನಿಮಯ ಯಶಸ್ವಿಯಾಯಿತು ಎಂದು ಮೈಕಿನಲ್ಲಿ ಹೇಳಿದರು, ಹೋದರು. ಮರುದಿನ ಯಜಮಾನನ ಹೆಂಡತಿ ನಾಲ್ಕನೆಯ ಗೋಡೆಯನ್ನು ಕಲ್ಪಿಸಿಕೊಂಡಳು: ಮಡಲಿನ ತಟ್ಟಿ ಹೆಣೆದು ಕಟ್ಟಿದಳು. ಒಳಗೆ ಒಲೆ ಹೂಡಿ ತಾಮ್ರದ ಹಂಡೆ ಇಟ್ಟಳು.

ಹೋದ ವಾರ ತಪಾಸಣೆಗೆ ಬಂದ ಸಾಹೇಬರು ತೋಟದಲ್ಲಿ ನಿಂತು ಕೇಳಿದರು: “ಏನ್ರೀ ಇದು? ಕೋಟೆ ಪಕ್ಕದಲ್ಲೇ ಬಚ್ಚಲು ಕಟ್ಟಿದ್ದೀರಾ?”

“ಬಚ್ಚಲಲ್ಲ ಸಾಹೇಬ್ರೆ, ಕಲಾಕೃತಿ” ಎಂದ ಯಜಮಾನ, ಚೀಟಿ ತೋರಿಸಿ. “ಜರ್ಮನಿಯವ್ರು ಮಾಡಿದ್ದು.”

ಸಾಹೇಬರು ಚೀಟಿಯನ್ನು ಎರಡು ಸಲ ಓದಿದರು. “ಮತ್ತೆ ಹೊಗೆ ಬರ್ತಾ ಇದೆಯಲ್ಲ?”

“ಒಳಗೆ ಜನ ನೋಡ್ತಾ ಇದ್ದಾರೆ. ಈಗಷ್ಟೇ ಸೋಪು ಹಚ್ಕೊಂಡಿದ್ದಾರೆ, ಒಂದು ಹತ್ತು ನಿಮಿಷ ಕೂತ್ಕೊಳ್ಳಿ.”