ಮುಗಿಯದ ಕೌದಿ

ಟ್ರಂಕಿನಲ್ಲಿ ಮೂರು ಅರೆಬರೆ ಕೌದಿಗಳಿವೆ, ಹಳೆ ಬಟ್ಟೆಗಳನ್ನು ಪದರ ಪದರವಾಗಿ ಜೋಡಿಸಿ ಕೈಯಲ್ಲಿ ಹೊಲಿಯುವ ಹೊದಿಕೆಗಳು. ಮೊದಲನೆಯದಕ್ಕೆ ಕೈ ಹಾಕಿದ್ದು 2019ರಲ್ಲಿ, ಅಜ್ಜಿಯ ಹತ್ತಿ ಸೀರೆಗಳಿಂದ. ಅಂಚಿನಿಂದ ಶುರುಮಾಡಿ ಸುತ್ತುತ್ತಾ ನಡುವಿಗೆ ಬರುತ್ತೇನೆ. ಅರ್ಧಕ್ಕೆ ಬಿಟ್ಟರೆ ಪದರಗಳು ಜಾರಿ ಸುಕ್ಕಾಗುತ್ತವೆ, ಮತ್ತೆ ಬಿಚ್ಚಿ ಹೊಲಿಯಬೇಕು. ದಿನಕ್ಕೆ ಅರ್ಧ ಗಂಟೆ ಸಿಕ್ಕರೆ ಸಾಕು. ಅದೂ ಸಿಗುವುದಿಲ್ಲ! ನಡುಮನೆಯಲ್ಲಿ ಹರಡಿಕೊಂಡು ಕೂತೆ ಅಂದರೆ ಯಾರಾದರೂ ಬಂದೇ ಬರುತ್ತಾರೆ. ಎತ್ತು, ಮಡಚು, ಒಳಗಿಡು. ಮೇಲೆ ಒಂದು ಮಾತು ಬೇರೆ: "ಸುಮ್ನೆ ಯಾಕೆ ಕಣ್ಣು ಹಾಳು ಮಾಡ್ಕೋತೀಯಾ? ದೇವರಾಜ ಅರಸು ರಸ್ತೆಗೆ ಹೋದರೆ ಹೊದಿಕೆ ಸಿಗಲ್ವಾ?" ಸಿಗುತ್ತೆ. ಅದರಲ್ಲಿ ನಮ್ಮಜ್ಜಿ ಸೀರೆ ಇರುತ್ತಾ? ಈ ಆಷಾಢದಲ್ಲಿ ಹಟ ಹಿಡಿದು ದಿನಾ ಎರಡು ಸಾಲು ಹಾಕಿದ್ದೇನೆ. ನಡುವೆ ಇನ್ನೊಂದು ಮೊಳ ಬಾಕಿ. ದಯವಿಟ್ಟು ಆ ಅರ್ಧ ಗಂಟೆ ನನಗೆ ಬಿಡಿ.