ಕಾಫಿ ಅಂಗಡಿ ಎದುರಿಗೇ ನಿಂತಿದ್ದೀನಿ

"ಚಿಕ್ಕಪ್ಪಾ, ನಾನು ಹೊರಗೆ ಬಂದಾಯ್ತು. ನೀವೆಲ್ಲಿ?"

"ಇಲ್ಲೇ ಇದ್ದೀನಿ ಕಣೋ. ಬಾಗಿಲಿಂದ ಹೊರಗೆ ಬಂದ ತಕ್ಷಣ ಒಂದು ಕಾಫಿ ಅಂಗಡಿ ಇದೆಯಲ್ಲ, ಅದರ ಎದುರಿಗೇ ನಿಂತಿದ್ದೀನಿ."

"ನಾನೂ ಅದರ ಎದುರಿಗೇ ಇದ್ದೀನಿ!"

ಕಾಫಿ ಅಂಗಡಿಗೆ ಒಂದು ಸುತ್ತು ಹಾಕಿ ಬಂದೆ. ಅಣ್ಣನ ಮಗ ಕಾಣಲಿಲ್ಲ. ಪಕ್ಕದಲ್ಲಿ ಲಿಫ್ಟ್ ಇದೆ ನೋಡು ಅಂದೆ. ಲಿಫ್ಟ್ ಅವನಿಗೂ ಕಾಣುತ್ತಿತ್ತು. ದುಡ್ಡು ಬದಲಾಯಿಸುವ ಕೌಂಟರ್ ಅಂದೆ, ಅದೂ ಇತ್ತು. ಹೆಸರು ಬರೆದ ಹಲಗೆ ಹಿಡಿದು ನಿಂತ ಡ್ರೈವರುಗಳ ಸಾಲು ಅಂದೆ, "ಹೂಂ, ಇದ್ದಾರೆ, ಒಬ್ಬ ಆಕಳಿಸ್ತಿದ್ದಾನೆ" ಅಂದ. ನನ್ನ ಎದುರಿಗಿದ್ದ ಸಾಲಿನಲ್ಲೂ ಒಬ್ಬ ಆಕಳಿಸುತ್ತಿದ್ದ! ಹೀಗೆ ಹತ್ತು ನಿಮಿಷ ಕಣ್ಣಾಮುಚ್ಚಾಲೆ ಆಡಿದ ಮೇಲೆ ತಾಳ್ಮೆ ತಪ್ಪಿ, ನಿನ್ನ ತಲೆ ಮೇಲೆ ಬೋರ್ಡ್‌ನಲ್ಲಿ ಏನಿದೆ ಅದನ್ನಾದರೂ ಓದು ಅಂದೆ.

"ಸೌತ್ ಟರ್ಮಿನಲ್ ಅಂತ ಇದೆ ಚಿಕ್ಕಪ್ಪ."

ನಾನು ನಿಂತಿದ್ದದ್ದು ಹೀಥ್ರೂನ ಮೂರನೇ ಟರ್ಮಿನಲ್‌ನಲ್ಲಿ. ಹೀಥ್ರೂ ಟರ್ಮಿನಲ್‌ಗಳಿಗೆ ಇರುವುದು ನಂಬರ್ ಮಾತ್ರ, ದಿಕ್ಕಿಲ್ಲ. ದಿಕ್ಕಿರುವುದು ಗ್ಯಾಟ್ವಿಕ್‌ಗೆ, ಅಲ್ಲಿ ನಾರ್ತ್ ಒಂದು, ಸೌತ್ ಒಂದು. ಎರಡೂ ಲಂಡನ್ ಏರ್‌ಪೋರ್ಟೇ. ನಡುವೆ ಎಂ25 ಅನ್ನುವ ವರ್ತುಲ ರಸ್ತೆ ಹಿಡಿದರೆ ಸುಮಾರು 65 ಕಿಲೋಮೀಟರ್, ಮತ್ತು ಆ ರಸ್ತೆಯ ಮೇಲೆ ಅವತ್ತು ಎಲ್ಲಿಗೂ ಹೋಗದೆ ನಿಂತಿದ್ದ ಕಾರುಗಳು.

"ಲಂಡನ್‌ಗೆ ಬರ್ತೀನಿ ಅಂತ ಹೇಳಿದ್ದೆನಲ್ಲ" ಅಂದ ಹುಡುಗ, ಅಳು ಬಂದವನ ಹಾಗೆ. ಅವನು ಹೇಳಿದ್ದು ಸುಳ್ಳಲ್ಲ, ಲಂಡನ್‌ಗೇ ಬಂದಿದ್ದ. ಲಂಡನ್ ಅಂದ ತಕ್ಷಣ ಹೀಥ್ರೂಗೆ ಹೋಗಿ ನಿಂತವನು ನಾನು. ವಿಮಾನದ ನಂಬರ್ ಕೇಳಿ ಬರೆದುಕೊಂಡೂ ಇದ್ದೆ, ಚೀಟಿ ಜೇಬಿನಲ್ಲೇ ಭದ್ರವಾಗಿತ್ತು. ಮೂರನೇ ಟರ್ಮಿನಲ್ಲೇ ಯಾಕೆ ಅಂತ ಕೇಳಿದರೆ, ಯಾವತ್ತೋ ನಾನು ಬಂದಿಳಿದದ್ದು ಅಲ್ಲಿ. ಅದಕ್ಕಿಂತ ದೊಡ್ಡ ಕಾರಣ ಇರಲಿಲ್ಲ.

ತಪ್ಪು ಮಾಡಿದ್ದು ದೊಡ್ಡದಲ್ಲ. ಅದು ಗೊತ್ತಾಗಲು ಹತ್ತು ನಿಮಿಷ ಬೇಕಾಯಿತಲ್ಲ, ಅದು ಇವತ್ತಿಗೂ ನನಗೆ ತಮಾಷೆ. ಇದೇ ಎರಡು ಬಸ್‌ಸ್ಟ್ಯಾಂಡ್‌ಗಳಲ್ಲಿ ಆಗಿದ್ದರೆ ಅರ್ಧ ನಿಮಿಷ ಸಾಕಿತ್ತು. ಒಂದರ ಎದುರು ಮರ ಇರುತ್ತದೆ, ಇನ್ನೊಂದರ ಎದುರು ಚರಂಡಿ. ಏರ್‌ಪೋರ್ಟ್‌ಗಳಿಗೆ ಮರವೂ ಇಲ್ಲ ಚರಂಡಿಯೂ ಇಲ್ಲ. ಅದೇ ನುಣ್ಣಗಿನ ನೆಲ, ಅದೇ ಬೆಳಕು, ಯಾರಿಗೂ ಅರ್ಥವಾಗದ ಅದೇ ಅನೌನ್ಸ್‌ಮೆಂಟ್. ಒಂದನ್ನು ನೋಡಿ ಇನ್ನೊಂದನ್ನು ಮಾಡಿದ ಹಾಗೆ.

ಆಮೇಲೆ ಕೂತು ಎಣಿಸಿದೆ. ಹೀಥ್ರೂ, ಗ್ಯಾಟ್ವಿಕ್, ಸ್ಟಾನ್‌ಸ್ಟೆಡ್, ಲೂಟನ್, ಸಿಟಿ, ಸೌತೆಂಡ್. ಲಂಡನ್ ಅಂತ ಹೇಳಿಕೊಳ್ಳುವ ಏರ್‌ಪೋರ್ಟ್‌ಗಳು ಒಟ್ಟು ಆರು. ಟಿಕೆಟ್ ಹುಡುಕುವಾಗ ಎಲ್‌ಒಎನ್ ಅಂತ ಟೈಪ್ ಮಾಡಿದರೆ ಈ ಆರೂ ಒಂದೇ ಪಂಕ್ತಿಯಲ್ಲಿ ಕೂತು ಬಿಡುತ್ತವೆ. ಎಲ್‌ಒಎನ್ ಅನ್ನುವುದು ಊರಿನ ಕೋಡ್, ಅಲ್ಲಿ ಯಾವ ವಿಮಾನವೂ ಇಳಿಯುವುದಿಲ್ಲ. ಇಳಿಯುವುದು ಎಲ್‌ಎಚ್‌ಆರ್ ಅನ್ನುವ ಹೀಥ್ರೂನಲ್ಲಿ, ಇಲ್ಲವೇ ಎಲ್‌ಜಿಡಬ್ಲ್ಯು ಅನ್ನುವ ಗ್ಯಾಟ್ವಿಕ್‌ನಲ್ಲಿ, ಇಲ್ಲವೇ ಎಸ್‌ಟಿಎನ್ ಅನ್ನುವ ಸ್ಟಾನ್‌ಸ್ಟೆಡ್‌ನಲ್ಲಿ. ನ್ಯೂಯಾರ್ಕ್‌ನದೂ ಇದೇ ಕತೆ. ಎನ್‌ವೈಸಿ ಅಂದರೆ ಜೆಎಫ್‌ಕೆ ಇರಬಹುದು, ಲಗ್ವಾರ್ಡಿಯಾ ಇರಬಹುದು, ನ್ಯೂವಾರ್ಕ್ ಕೂಡ ಇರಬಹುದು, ಆ ನ್ಯೂವಾರ್ಕ್ ಇರುವುದು ನ್ಯೂಯಾರ್ಕ್‌ನಲ್ಲೇ ಅಲ್ಲ, ನದಿಯ ಆಚೆ ನ್ಯೂಜೆರ್ಸಿ ಅನ್ನುವ ಬೇರೆ ರಾಜ್ಯದಲ್ಲಿ. ಹೆಸರೂ ಹೆಚ್ಚುಕಮ್ಮಿ ಹಾಗೇ ಕೇಳಿಸುತ್ತದೆ ಬೇರೆ! ಫೋನಿನಲ್ಲಿ ಹೇಳಿದರೆ ಯಾವುದು ಅಂತ ತಿಳಿಯುವುದಾದರೂ ಹೇಗೆ?

ಇನ್ನು ಕೆಲವು ಏರ್‌ಪೋರ್ಟ್‌ಗಳು ದೂರದ ಸಂಬಂಧ ಹೇಳಿಕೊಂಡು ಬರುವ ನೆಂಟರ ಹಾಗೆ. ಪ್ಯಾರಿಸ್ ಬೋವೆ ಅಂತ ಒಂದಿದೆ, ಪ್ಯಾರಿಸ್‌ಗೆ ಸುಮಾರು 85 ಕಿಲೋಮೀಟರ್. ಫ್ರಾಂಕ್‌ಫರ್ಟ್ ಹಾನ್ ಅಂತ ಇನ್ನೊಂದು, ಫ್ರಾಂಕ್‌ಫರ್ಟ್‌ನಿಂದ ಸುಮಾರು 120. ಅಗ್ಗದ ಟಿಕೆಟ್ ಸಿಕ್ಕಿತು ಅಂತ ಹಿಗ್ಗಿಕೊಂಡು ಹೋಗಿ ಇಳಿದರೆ ಎದುರಿಗೆ ಊರೂ ಇಲ್ಲ ಕೇರಿಯೂ ಇಲ್ಲ, ಒಂದು ಬಸ್ ನಿಂತಿರುತ್ತದೆ, ಅದರ ಟಿಕೆಟ್ ಬೇರೆ.

ಒಂದೇ ಊರಿಗೆ ಎರಡು ಮೂರು ಏರ್‌ಪೋರ್ಟ್ ಬೇಕು ಅಂತ ಯಾರೂ ಮೊದಲೇ ಕೂತು ಯೋಚನೆ ಮಾಡಿದ ಹಾಗಿಲ್ಲ. ಊರಾಚೆ ಒಂದನ್ನು ಕಟ್ಟುತ್ತಾರೆ. ಊರು ಬೆಳೆದು ಅದನ್ನು ನುಂಗುತ್ತದೆ. ರನ್‌ವೇ ಹಾಕಲು ಜಾಗ ಇಲ್ಲ ಅಂತ ಇನ್ನೂ ಆಚೆ ಹೊಸದನ್ನು ಕಟ್ಟುತ್ತಾರೆ. ಅಷ್ಟು ಹೊತ್ತಿಗೆ ಹಳೆಯದು ಊರ ನಡುವೆ ಎಲ್ಲರಿಗೂ ಹತ್ತಿರ ಆಗಿರುತ್ತದಲ್ಲ, ಅದನ್ನು ಮುಚ್ಚಲು ಮನಸ್ಸು ಬರುವುದಿಲ್ಲ. ಟೋಕಿಯೋದಲ್ಲಿ ಹಾನೆಡಾ ಇತ್ತು. 1978ರಲ್ಲಿ ದೂರದ ನರಿಟಾ ತೆರೆದು ಹೊರದೇಶದ ವಿಮಾನಗಳನ್ನು ಹೆಚ್ಚುಕಡಿಮೆ ಪೂರ್ತಿ ಅಲ್ಲಿಗೆ ಕಳಿಸಿದರು. 2010ರಲ್ಲಿ ಹಾನೆಡಾದಲ್ಲೇ ಅಂಥ ವಿಮಾನಗಳಿಗೆ ಹೊಸ ಟರ್ಮಿನಲ್ ಕಟ್ಟಿದರು. ಈಗ ಎರಡರಿಂದಲೂ ಎಲ್ಲ ಕಡೆಗೂ ಹೋಗಬಹುದು, ಅಂದರೆ ತಪ್ಪು ಕಡೆಗೆ ಹೋಗುವ ಅವಕಾಶವೂ ಡಬಲ್.

ಕೆನಡಾದ ಮಾಂಟ್ರಿಯಲ್‌ನವರದು ಇನ್ನೂ ಪಜೀತಿ. 1975ರಲ್ಲಿ ಮಿರಾಬೆಲ್ ಅಂತ ಭಾರಿ ಏರ್‌ಪೋರ್ಟ್ ಕಟ್ಟಿ ಹೊರದೇಶದ ವಿಮಾನಗಳನ್ನು ಅಲ್ಲಿಗೆ ಸಾಗಿಸಿದರು, ಒಳನಾಡಿನವು ಹಳೆಯ ಡೋರ್ವಲ್‌ನಲ್ಲೇ ಉಳಿದವು. ಒಂದು ವಿಮಾನ ಇಳಿದು ಇನ್ನೊಂದು ಹತ್ತಬೇಕಾದವರು ಗಂಟುಮೂಟೆ ಹೊತ್ತು ಊರ ಈ ತುದಿಯಿಂದ ಆ ತುದಿಗೆ ಹೋಗಬೇಕು. ಎಷ್ಟು ದಿನ ಹೋದಾರು? ಬೇರೆ ಊರಿನಲ್ಲಿ ವಿಮಾನ ಬದಲಿಸಲು ಶುರು ಮಾಡಿದರು. 2004ರಲ್ಲಿ ಮಿರಾಬೆಲ್‌ಗೆ ಪ್ರಯಾಣಿಕರು ಬರುವುದು ನಿಂತಿತು, ಹತ್ತು ವರ್ಷ ಕಳೆದು ಟರ್ಮಿನಲ್ ಕಟ್ಟಡ ಕೆಡವಲು ಶುರು ಮಾಡಿದರು. ಈ ಕತೆ ಓದಿದಾಗ ನನಗೆ ಒಂಥರಾ ಸಮಾಧಾನ ಆಯಿತು. ತಪ್ಪು ಏರ್‌ಪೋರ್ಟ್‌ನಲ್ಲಿ ಹೋಗಿ ನಿಲ್ಲುವುದು ನನ್ನಂಥವರ ಸ್ವತ್ತು ಅಂದುಕೊಂಡಿದ್ದೆ, ಏರ್‌ಪೋರ್ಟೇ ತಪ್ಪು ಜಾಗದಲ್ಲಿ ಹೋಗಿ ನಿಂತಿತ್ತಲ್ಲ.

ಗಂಟುಮೂಟೆ ಅಂದೆನಲ್ಲ, ಅದನ್ನು ನಾನೂ ಹೊತ್ತಿದ್ದೇನೆ, ಟೋಕಿಯೋದಲ್ಲಿ. ನರಿಟಾದಲ್ಲಿ ಇಳಿದು ಹಾನೆಡಾದಲ್ಲಿ ಹತ್ತಬೇಕಿತ್ತು. ಎರಡು ಬೇರೆ ಬೇರೆ ಟಿಕೆಟ್, ನಡುವೆ ನಾಲ್ಕೂವರೆ ಗಂಟೆ. ಬುಕ್ ಮಾಡುವಾಗ ಇದು ಧಾರಾಳ ಅನಿಸಿತ್ತು, ನಡುವೆ ಎಲ್ಲಾದರೂ ಸುತ್ತಾಡಿ ಬರೋಣ ಅಂತ ಮನೆಯವಳಿಗೆ ಹೇಳಿಯೂ ಇದ್ದೆ. ಅವಳು ಮಾತ್ರ ಫೋನನ್ನು ಕಣ್ಣಿನ ಹತ್ತಿರ ಹಿಡಿದು, "ರೀ, ಇಲ್ಲಿ ಸಣ್ಣ ಅಕ್ಷರದಲ್ಲಿ ಏನೋ ಇದೆ, ಏರ್‌ಪೋರ್ಟ್ ಬದಲಾವಣೆ ಅಂತೆ" ಅಂದಿದ್ದಳು. ಟರ್ಮಿನಲ್ ಬದಲಾವಣೆ ಇರಬೇಕು ಬಿಡೆ ಅಂದಿದ್ದೆ. ಬಿಡೆ ಅಂದದ್ದು ಇವತ್ತಿಗೂ ನನ್ನ ಖಾತೆಯಲ್ಲಿದೆ.

ಏರ್‌ಪೋರ್ಟ್ ಬದಲಾಯಿಸುವುದು ಅಂದರೆ ಆ ದೇಶದೊಳಗೆ ಕಾಲಿಟ್ಟು ಮತ್ತೆ ಹೊರಗೆ ಹೋಗುವುದು. ಇಮಿಗ್ರೇಷನ್ ಸಾಲು. ಆ ದೇಶದ ವೀಸಾ ಬೇಕಾದವರ ಹತ್ತಿರ ಅದಿಲ್ಲದಿದ್ದರೆ ಕತೆ ಅಲ್ಲಿಗೇ ಮುಗಿಯಿತು, ಒಂದೇ ಊರು ಅಂತ ಎಷ್ಟು ಗೋಗರೆದರೂ ಕೇಳುವುದಿಲ್ಲ. ನಮ್ಮ ಹತ್ತಿರ ವೀಸಾ ಇತ್ತು, ಪುಣ್ಯ. ಲಗೇಜು ತಾನಾಗಿ ಮುಂದಿನ ವಿಮಾನಕ್ಕೆ ಹೋಗುವುದಿಲ್ಲ, ಬೆಲ್ಟಿನ ಹತ್ತಿರ ಕಾದು ಎತ್ತಿಕೊಂಡು, ಆ ಕಡೆ ಹೋಗಿ ಮತ್ತೆ ತೂಕಕ್ಕೆ ಇಡಬೇಕು. ಎಲ್ಲಾ ಒಂದೇ ಟಿಕೆಟ್‌ನಲ್ಲಿದ್ದರೆ, ಮೊದಲ ವಿಮಾನ ತಡವಾಗಿ ಎರಡನೆಯದು ತಪ್ಪಿದಾಗ ಏರ್‌ಲೈನ್‌ನವರೇ ಇನ್ನೊಂದರಲ್ಲಿ ಕಳಿಸುತ್ತಾರೆ. ಬೇರೆ ಬೇರೆ ಟಿಕೆಟ್ ಆದರೆ ಎರಡನೆಯವರಿಗೆ ನಾವು ಯಾರೋ. ತಡವಾಗಿ ಬಂದ ಗಿರಾಕಿ, ಅಷ್ಟೆ.

ನಾವು ಇಳಿದದ್ದು ನರಿಟಾದ ಮೂರನೇ ಟರ್ಮಿನಲ್‌ನಲ್ಲಿ. ಅಗ್ಗದ ವಿಮಾನಗಳಿಗೆಂದು 2015ರಲ್ಲಿ ತೆರೆದದ್ದು. ಅಲ್ಲಿಯ ನೆಲ ನೋಡಿದರೆ ನಗು ಬರುತ್ತದೆ, ಓಟದ ಸ್ಪರ್ಧೆಯ ಟ್ರ್ಯಾಕ್ ಹಾಕಿದ್ದಾರೆ! ನಿಜವಾದ ಟ್ರ್ಯಾಕ್, ಕಾಲಿಟ್ಟರೆ ಮೆತ್ತಗೆ, ಉದ್ದಕ್ಕೆ ಬಿಳಿ ಗೆರೆ. ಹೊರಡುವವರಿಗೆ ನೀಲಿ, ಬಂದವರಿಗೆ ಕೆಂಪು. ಬೋರ್ಡು ಹುಡುಕುವುದೇ ಬೇಡ, ಬಣ್ಣ ಹಿಡಿದು ನಡೆದರೆ ಆಯಿತು. ನಾನು ಕಂಡ ಏರ್‌ಪೋರ್ಟ್‌ಗಳಲ್ಲಿ ಇಷ್ಟು ಪ್ರಾಮಾಣಿಕವಾದ ನೆಲ ಇನ್ನೊಂದಿಲ್ಲ, ಇಲ್ಲಿ ನೀವು ಓಡಲಿದ್ದೀರಿ ಅಂತ ಮೊದಲೇ ಒಪ್ಪಿಕೊಂಡಿದೆ. ಎಲ್ಲರೂ ಅದರ ಮೇಲೆ ಆರಾಮಾಗಿ ಸೂಟ್‌ಕೇಸ್ ಎಳೆದುಕೊಂಡು, ಫೋಟೋ ತೆಗೆದುಕೊಂಡು ಹೋಗುತ್ತಿದ್ದರು. ನಿಜಕ್ಕೂ ಓಡಿದವರು ನಾವಿಬ್ಬರೇ. ಅದರಲ್ಲಿ ಮನೆಯವಳು ಮುಂದೆ.

ರೈಲು ಸ್ಟೇಷನ್ ಇರುವುದು ಎರಡನೇ ಟರ್ಮಿನಲ್‌ನ ಕೆಳಗೆ. ಹಾನೆಡಾಕ್ಕೆ ನೇರ ಹೋಗುವ ರೈಲು ಸಿಕ್ಕಿತು, ಸುಮಾರು ಒಂದೂವರೆ ಗಂಟೆ, ಟೋಕಿಯೋ ಪೂರ್ತಿ ಕೆಳಗಿಂದ ದಾಟಿದ ಹಾಗೆ. ಕೂತ ಮೇಲೆ ಎಲ್ಲಾ ಮುಗಿಯಿತು ಅಂತ ಕಣ್ಣು ಮುಚ್ಚಿದೆ. ಹಾನೆಡಾದಲ್ಲಿ ಆ ರೈಲಿಗೆ ಎರಡು ಸ್ಟೇಷನ್. ಮೊದಲು ಮೂರನೇ ಟರ್ಮಿನಲ್, ಆಮೇಲೆ ಒಂದು ಮತ್ತು ಎರಡು ಸೇರಿಸಿ ಒಂದು ಸ್ಟೇಷನ್. ಮೂರು ಮೊದಲು, ಒಂದು ಆಮೇಲೆ! ನಮ್ಮದು ಮೂರು. ಒಂದು, ಎರಡು ಬರಲಿ, ಮೂರಕ್ಕೆ ಎದ್ದರಾಯಿತು ಅಂತ ಕೂತೇ ಇದ್ದೆ. ಕೊನೆಯ ಸ್ಟೇಷನ್ ಬಂದು ಎಲ್ಲರೂ ಇಳಿದರು, ಅಲ್ಲಿಂದ ಟರ್ಮಿನಲ್ ಬಸ್ ಹಿಡಿದು ವಾಪಸ್. ವಿಮಾನ ಸಿಕ್ಕಿತು. ಆದರೆ ಸೀಟಿನಲ್ಲಿ ಕೂತು ಅರ್ಧ ಗಂಟೆಯಾದರೂ ಪಕ್ಕದ ಸೀಟಿನಿಂದ ಮಾತಿರಲಿಲ್ಲ.

ಈ ಟರ್ಮಿನಲ್ ನಂಬರ್‌ಗಳನ್ನು ನಂಬುವುದೇ ತಪ್ಪು ಅನಿಸುತ್ತದೆ. ಹೀಥ್ರೂನಲ್ಲಿ ಎಣಿಕೆ ಶುರುವಾಗುವುದೇ ಎರಡರಿಂದ, ಒಂದನ್ನು 2015ರಲ್ಲಿ ಮುಚ್ಚಿದರು. ಎರಡು ಮೂರು ಅಕ್ಕಪಕ್ಕ, ಸುರಂಗದಲ್ಲಿ ನಡೆದು ಹೋಗಬಹುದು. ನಾಲ್ಕು ಎಲ್ಲೋ ದಕ್ಷಿಣಕ್ಕೆ, ಐದು ಪಶ್ಚಿಮಕ್ಕೆ, ಊರೊಳಗಿಂದ ಬರುವ ಮೆಟ್ರೋದಲ್ಲೂ ನಾಲ್ಕಕ್ಕೆ ಹೋಗುವ ರೈಲು ಬೇರೆ, ಐದಕ್ಕೆ ಹೋಗುವುದು ಬೇರೆ. ಜೆಎಫ್‌ಕೆಯಲ್ಲಿ ಒಂದಾದ ಮೇಲೆ ನಾಲ್ಕು. ಮೂರನ್ನು 2013ರಲ್ಲಿ ಕೆಡವಿದರು, ಎರಡನ್ನು 2023ರಲ್ಲಿ ಮುಚ್ಚಿದರು. ಹಲ್ಲುದುರಿದ ಬಾಯಿಯ ಹಾಗೆ ಎಣಿಕೆಯ ನಡುವೆ ಖಾಲಿ. ಪ್ಯಾರಿಸ್‌ನ ದೊಡ್ಡ ಏರ್‌ಪೋರ್ಟ್‌ನಲ್ಲಿ ಎರಡನೇ ಟರ್ಮಿನಲ್ ಅಂದರೆ ಒಂದು ಕಟ್ಟಡ ಅಲ್ಲ, ಎ ಇಂದ ಜಿ ವರೆಗೆ ಒಂದು ಅಕ್ಷರಮಾಲೆ. ಅದರಲ್ಲಿ ಜಿ ಮಿಕ್ಕವರ ಜತೆ ಸೇರದೆ ದೂರ ಕೂತಿದೆ, ಅಲ್ಲಿಗೆ ಬಸ್ಸೇ ಗತಿ.

ಫೋನಿನ ಮ್ಯಾಪ್ ಇದೆಯಲ್ಲ ಅನ್ನಬೇಡಿ. ತಲೆ ಮೇಲೆ ಛಾವಣಿ, ಸಿಗ್ನಲ್ ಸರಿಯಾಗಿ ಸಿಗುವುದಿಲ್ಲ, ಒಂದರ ಮೇಲೊಂದು ನಾಲ್ಕು ಮಹಡಿ ಬೇರೆ. ನೀಲಿ ಚುಕ್ಕೆ ತೇಲಿಕೊಂಡು ಹೋಗಿ ರನ್‌ವೇ ಮೇಲೆ ನಿಂತಿರುತ್ತದೆ. ಅದಕ್ಕೇ ನಾನು ಕೇಳುವುದು ನೆಲ ಒರೆಸುವವರನ್ನು. ಕೌಂಟರ್‌ನವರು ತಮ್ಮ ಏರ್‌ಲೈನ್‌ನದು ಮಾತ್ರ ಹೇಳುತ್ತಾರೆ, ಪ್ರಯಾಣಿಕರು ಗೊತ್ತಿಲ್ಲದಿದ್ದರೂ ಹೇಳುತ್ತಾರೆ. ನೆಲ ಒರೆಸುವವರು ಒರೆಸುವುದನ್ನು ನಿಲ್ಲಿಸಿ, ನಿಮ್ಮ ಬೋರ್ಡಿಂಗ್ ಪಾಸ್ ಒಮ್ಮೆ ನೋಡಿ, ಕೋಲನ್ನೇ ಎತ್ತಿ ದಾರಿ ತೋರಿಸುತ್ತಾರೆ. ಆ ಕೋಲು ನನಗೆ ಇಲ್ಲಿವರೆಗೂ ಸುಳ್ಳು ಹೇಳಿಲ್ಲ.

ಅಣ್ಣನ ಮಗ ಈಗ ಪಳಗಿದ್ದಾನೆ. ಮುಂದಿನ ಸಲ ಬರುವಾಗ ಕ್ಷೇಮಸಮಾಚಾರವೂ ಇಲ್ಲದೆ ಒಂದು ಸಾಲು ಕಳಿಸಿದ. ಎಲ್‌ಜಿಡಬ್ಲ್ಯು, ನಾರ್ತ್, ವಿಮಾನದ ನಂಬರ್, ಅಷ್ಟೆ. ನಾನೂ ಪಳಗಿದ್ದೆ. ಒಂದು ಗಂಟೆ ಮುಂಚೆ ಗ್ಯಾಟ್ವಿಕ್ ನಾರ್ತ್‌ಗೆ ಹೋಗಿ, ಕಾಫಿ ಅಂಗಡಿ ಎದುರು ನಿಂತು, ಚೀಟಿಯನ್ನು ಜೇಬಿನಿಂದ ಹೊರಗೆ ತೆಗೆದು ಬೋರ್ಡಿನ ಜತೆ ತಾಳೆ ನೋಡಿದೆ. ಅವನ ವಿಮಾನದ ಎದುರು ಸೌತ್ ಅಂತ ಬಂದಿತ್ತು. ಟರ್ಮಿನಲ್ ಬದಲಾಗಿದೆ. ಫೋನ್ ಮಾಡಿದರೆ ಸ್ವಿಚ್ ಆಫ್. ಇರಲಿ, ಎರಡು ಟರ್ಮಿನಲ್ ನಡುವೆ ಪುಟ್ಟ ರೈಲೊಂದು ಸುಮ್ನೆ ಆ ಕಡೆ ಈ ಕಡೆ ಓಡಾಡುತ್ತಲೇ ಇರುತ್ತದೆ, ಎರಡೇ ನಿಮಿಷದ ದಾರಿ, ದುಡ್ಡೂ ಇಲ್ಲ. ಸೌತ್‌ಗೆ ಹೋಗಿ ಕಾದೆ. ವಿಮಾನ ಇಳಿದು ಒಂದು ಗಂಟೆಯಾದರೂ ಹುಡುಗ ಕಾಣಲಿಲ್ಲ. ಚಿಕ್ಕಪ್ಪನಿಗೆ ನಾರ್ತ್ ಅಂತ ಹೇಳಿದ್ದೀನಿ, ಅಲ್ಲೇ ಕಾಯ್ತಿರ್ತಾರೆ ಅಂತ ಅವನೇ ಆ ಕಡೆ ಹೋಗಿರಬೇಕು ಅಂತ ಹೊಳೆದು ಮತ್ತೆ ಪುಟ್ಟ ರೈಲು ಹತ್ತಿದೆ.

ಅರ್ಧ ದಾರಿಯಲ್ಲಿ ಎದುರಿನಿಂದ ಇನ್ನೊಂದು ಪುಟ್ಟ ರೈಲು ಬಂತು. ಅದರ ಕಿಟಕಿಯಲ್ಲಿ ಕೆಂಪು ಸೂಟ್‌ಕೇಸ್ ತಬ್ಬಿಕೊಂಡು, ಈ ಕಡೆಗೇ ನೋಡುತ್ತಾ, ಬಾಯಿ ತೆರೆದುಕೊಂಡು ನಿಂತಿದ್ದ.